ಗಾಲಿಯ ಮೇಲೊಂದು ಮನೆ: ಜತ್ತ ಸೀಮೆಯಿಂದ ಚಿಂಚಲಿಯ ದಾರಿ

ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಜತ್ತ ಸೀಮೆಗೆ ಸಂಕ್ರಾಂತಿಯ ನಂತರದ ಕೆಲವು ವಾರಗಳು ಬಿಡುವಿನ ಕಾಲ. ಹಿಂಗಾರಿ ಜೋಳ ತೆನೆ ತುಂಬಿ ಹಣ್ಣಾಗುತ್ತಿರುತ್ತದೆ. ಕೊಯ್ಲಿನ ಕುಡುಗೋಲಿಗೆ ಇನ್ನೂ ಸಮಯವಿರುತ್ತದೆ. ಇಂದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ತಾಲ್ಲೂಕಾಗಿರುವ ಈ ನಾಡು 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಉಮದಿ, ಸಂಖ, ಬಿಳೂರು ಮೊದಲಾದ ಹಳ್ಳಿಗಳಲ್ಲಿ ಕನ್ನಡವು ಇಂದಿಗೂ ಮನೆಮಾತು. ಈ ಬಿಡುವಿನ ದಿನಗಳಲ್ಲಿಯೇ ಅಲ್ಲಲ್ಲಿ ಕೆಲವು ಮನೆಗಳ ಕೊಟ್ಟಿಗೆಯಿಂದ ಹಳೆಯ ಚಕ್ಕಡಿಯೊಂದು ಅಂಗಳಕ್ಕೆ ಬರುತ್ತದೆ. ಮಾಘ ಮಾಸದ ಭರತ ಹುಣ್ಣಿಮೆಗೆ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ. ಸಾಂಗ್ಲಿ, ಕೊಲ್ಹಾಪುರ, ಸೋಲಾಪುರಗಳ ಕಡೆಯಿಂದ ಗಡಿ ದಾಟಿ ಹೋಗುವ ಎತ್ತಿನ ಗಾಡಿಗಳ ಸಾಲು ಆ ಜಾತ್ರೆಯ ಹಳೆಯ ಗುರುತು.

ಪಶ್ಚಿಮದ ದೇಶಗಳಲ್ಲಿ ಕುಟುಂಬಗಳು ಹಳೆಯ ವ್ಯಾನೊಂದನ್ನು ಕೊಂಡು, ತುಕ್ಕು ಕೆರೆದು, ಒಳಗೆ ಹಾಸಿಗೆ ಒಲೆಗಳನ್ನು ಜೋಡಿಸಿ, ರಜೆಯಲ್ಲಿ ಅದನ್ನೇ ಮನೆಯಾಗಿಸಿಕೊಂಡು ಊರೂರು ಸುತ್ತುವುದುಂಟು. ಅಂಥ ವಾಹನಕ್ಕೆ ಕ್ಯಾಂಪರ್ ಎಂದು ಹೆಸರು. ಈ ಸೀಮೆಯ ಜನಕ್ಕೆ ಆ ಹೆಸರು ಹೊಸದಾದರೂ ವಸ್ತು ಹೊಸದಲ್ಲ. ಬಿದಿರಿನ ಕಮಾನು ಕಟ್ಟಿ, ಮೇಲೆ ತಟ್ಟಿ ಹೊದಿಸಿ, ಕೆಳಗೆ ಹುಲ್ಲು ಹಾಸಿ ಕೌದಿ ಬಿಡಿಸಿದ ಕೊಲ್ಲಾರಿ ಚಕ್ಕಡಿಯಲ್ಲಿ ಮನೆಮಂದಿಯೆಲ್ಲ ಉಂಡು, ಮಲಗಿ, ದಿನಗಟ್ಟಲೆ ದಾರಿ ಸವೆಸುವುದು ಇಲ್ಲಿ ತಲೆಮಾರುಗಳ ರೂಢಿ. ಆ ಗಾಲಿಯ ಮೇಲಿನ ಮನೆಯನ್ನು ಪ್ರತಿ ಪ್ರಯಾಣಕ್ಕೂ ಮುನ್ನ ಮನೆಯವರೇ ಕೂಡಿ ದುರಸ್ತಿ ಮಾಡಿಕೊಳ್ಳಬೇಕು. ಪ್ರಯಾಣವು ಆ ದುರಸ್ತಿಯಿಂದಲೇ ಆರಂಭವಾಗುತ್ತದೆ.

ಅಂಗಳದ ಪರೀಕ್ಷೆ

ವರ್ಷಾನುಗಟ್ಟಲೆ ನಿಂತಿದ್ದ ಚಕ್ಕಡಿ ಹೊರನೋಟಕ್ಕೆ ಗಟ್ಟಿಯಾಗಿಯೇ ಕಾಣುತ್ತದೆ. ಮೇಲಿನ ಧೂಳು ಒರೆಸಿದಾಗ ಕಟ್ಟಿಗೆಯ ಕಪ್ಪು ಮೈ ಹೊಳೆಯುತ್ತದೆ. ಮಕ್ಕಳಿಗೆ ಆಗಲೇ ಹತ್ತಿ ಕುಳಿತುಕೊಳ್ಳುವ ಆತುರ. ಹಿರಿಯರು ಮಾತ್ರ ಮೊದಲು ಕಿವಿಗೊಡುತ್ತಾರೆ. ಗಾಲಿಯ ಒಂದೊಂದು ಅರವನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಗಟ್ಟಿಯಾಗಿ ಕೂತ ಅರ ಕಣಕಣ ನುಡಿಯುತ್ತದೆ. ಸಡಿಲಾದದ್ದು, ಹುಳು ತಿಂದದ್ದು, ಮಂಕಾಗಿ ಡೊಬ್ಬೆನ್ನುತ್ತದೆ. ಈ ಪರೀಕ್ಷೆಯನ್ನು ಹೇಳಿಕೊಡಲು ಮಾತು ಬೇಕಿಲ್ಲ. ಒಳ್ಳೆಯ ಅರ ಒಂದನ್ನೂ ಕೆಟ್ಟದ್ದೊಂದನ್ನೂ ಬೆನ್ನುಬೆನ್ನಿಗೆ ತಟ್ಟಿ ತೋರಿಸಿದರೆ ಎಂಟು ವರ್ಷದ ಮಗುವೂ ಉಳಿದವುಗಳನ್ನು ತಾನೇ ವಿಂಗಡಿಸುತ್ತದೆ.

ಗಾಲಿಯ ನಡುವಿನ ದಪ್ಪ ಕಟ್ಟಿಗೆ ಗುಂಬ. ಅದರಿಂದ ಸುತ್ತಲೂ ಹೊರಟ ಅರಗಳು ಅಂಚಿನ ಬಾಗು ಹಲಗೆಗಳಿಗೆ ಸೇರುತ್ತವೆ. ಸಾಮಾನ್ಯವಾಗಿ ಒಂದು ಬಾಗು ಹಲಗೆಗೆ ಎರಡು ಅರ. ಇವೆಲ್ಲವನ್ನೂ ಹೊರಗಿನಿಂದ ಅಪ್ಪಿ ಹಿಡಿಯುವ ಕಬ್ಬಿಣದ ಪಟ್ಟಿಯೇ ಹಳಿ. ಗಾಲಿಗಳೆರಡನ್ನೂ ಹೊರುವುದು ಇರಸು ಅಥವಾ ಅಚ್ಚು. ಗಾಲಿ ಜಾರಿ ಹೊರಬರದಂತೆ ಅದರ ತುದಿಯಲ್ಲಿ ತಡೆಯುವುದು ಕಡಾಣಿ. ಮುಂದಕ್ಕೆ ಚಾಚಿದ್ದು ಮೂಕಿ, ಅದರ ತುದಿಗೆ ಅಡ್ಡಲಾಗಿ ನೊಗ. ಶಾಲೆಯಲ್ಲಿ ಓದುವ ಮಕ್ಕಳಿಗೆ ಈ ಹೆಸರುಗಳಲ್ಲಿ ಒಂದೆರಡು ಪಾಠದಿಂದ ತಿಳಿದಿರುತ್ತವೆ. ಉಳಿದವುಗಳ ಅರ್ಥ ಗೊತ್ತಾಗುವುದು ಆ ಭಾಗವನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗಲೇ. ಓಣಿಯ ಮರಾಠಿ ಮನೆಯವರು ನೊಗಕ್ಕೆ ಜೂ ಎನ್ನುತ್ತಾರೆ, ಗಾಲಿಗೆ ಚಾಕ, ಹಳಿಗೆ ಧಾವ. ದುರಸ್ತಿಗೆ ಕರೆಸಿದ ಬಡಿಗ ಎರಡು ಭಾಷೆಗಳನ್ನೂ ಬೆರೆಸಿಯೇ ಕೇಳುತ್ತಾನೆ. ಯಾವ ಮಾತಿನಲ್ಲಿ ಕೇಳಿದರೂ ಸರಿಯಾದ ವಸ್ತುವನ್ನು ಎತ್ತಿಕೊಡುವ ಮಗು ಆ ದಿನದ ಮಟ್ಟಿಗೆ ಅವನ ಮೆಚ್ಚಿನ ಶಿಷ್ಯ.

ಎಲ್ಲ ಕೆಲಸವನ್ನೂ ಮನೆಯವರೇ ಮಾಡಲಾಗದೆಂಬ ತಿಳಿವಳಿಕೆಯೂ ಈ ಪರೀಕ್ಷೆಯ ಭಾಗವಾಗಿದೆ. ತಳದ ಹಲಗೆ ಬದಲಿಸುವುದು, ಗೂಟ ಕೆತ್ತುವುದು, ಹಗ್ಗ ಹೊಸೆಯುವುದು, ಎಣ್ಣೆ ಸವರುವುದು ಮನೆಯ ಕೆಲಸಗಳು. ಅರ ಕೂರಿಸುವುದು ಬಡಿಗನ ಕೆಲಸ, ಹಳಿ ತೊಡಿಸುವುದು ಕಮ್ಮಾರನ ಕೆಲಸ. ಇರಸಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದಕ್ಕೆ ತೇಪೆಯಿಲ್ಲ, ಹೊಸದನ್ನೇ ಹಾಕಿಸಬೇಕು. ಇಳಿಜಾರಿನಲ್ಲಿ ಮುರಿಯುವ ಇರಸು ಗಾಡಿಯೊಂದನ್ನೇ ಅಲ್ಲ, ನೊಗದಲ್ಲಿರುವ ಜೀವಗಳನ್ನೂ ಕೆಡವುತ್ತದೆ.

ಬೆಂಕಿಯಲ್ಲಿ ಹಿಗ್ಗಿ ನೀರಿನಲ್ಲಿ ಕುಗ್ಗಿ

ದುರಸ್ತಿಯ ದಿನಗಳಲ್ಲಿ ಮಕ್ಕಳು ಎಂದೂ ಮರೆಯದ ದಿನ ಹಳಿ ತೊಡಿಸುವ ದಿನ. ಕಮ್ಮಾರನು ಗಾಲಿಯ ಸುತ್ತಳತೆಯನ್ನು ಮೊದಲು ಅಳೆಯುತ್ತಾನೆ. ಬಳಿಕ ಹಳಿಯನ್ನು ಆ ಅಳತೆಗಿಂತ ಬೇಕೆಂದೇ ತುಸು ಕಿರಿದಾಗಿ ಬೆಸೆಯುತ್ತಾನೆ. ತಣ್ಣಗಿರುವಾಗ ಅದು ಗಾಲಿಯ ಮೇಲೆ ಕೂರುವುದೇ ಇಲ್ಲ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಚ್ಚುತ್ತಾರೆ. ಕಬ್ಬಿಣವು ಕೆಂಪಗೆ ಕಾದಾಗ ಉದ್ದನೆಯ ಇಕ್ಕಳಗಳಲ್ಲಿ ಮೂರುನಾಲ್ಕು ಜನ ಒಮ್ಮೆಗೇ ಎತ್ತಿ ಗಾಲಿಗೆ ತೊಡಿಸುತ್ತಾರೆ. ಕಟ್ಟಿಗೆ ಹೊಗೆಯಾಡಿ ಹತ್ತಿಕೊಳ್ಳುವ ಮುನ್ನವೇ ಕೊಡಗಟ್ಟಲೆ ನೀರು ಸುರಿಯಬೇಕು. ಆಗ ಏಳುವ ಆವಿ, ಚುಯ್ಯೆಂಬ ಸದ್ದು, ಅದರ ನಡುವೆ ಅರಗಳು ಗುಂಬದೊಳಗೆ ಬಿಗಿದುಕೊಳ್ಳುವಾಗ ಕೇಳುವ ಟಕಟಕ ನಾದ ಇವುಗಳನ್ನು ದೂರದಲ್ಲಿ ನಿಂತು ನೋಡುವ ಮಕ್ಕಳು ಉಸಿರು ಬಿಗಿಹಿಡಿದಿರುತ್ತಾರೆ. ದೂರ ನಿಲ್ಲಬೇಕೆಂಬುದು ಕಮ್ಮಾರನ ಕಟ್ಟಪ್ಪಣೆ. ನೀರಿನ ಕೊಡಗಳನ್ನು ತುಂಬಿಡುವವರೆಗೆ ಮಾತ್ರ ಅವರ ಪಾಲು.

ಘನವಸ್ತುಗಳು ಕಾದಾಗ ಹಿಗ್ಗುತ್ತವೆ ಎಂಬ ಪಾಠವನ್ನು ಓದಿದ ಮಕ್ಕಳು ಸಂಜೆ ಪಾಟಿಯ ಮೇಲೆ ಲೆಕ್ಕ ಹಾಕಬಹುದು. ಗಾಲಿಯ ವ್ಯಾಸ 1.4 ಮೀಟರ್ ಎಂದುಕೊಂಡರೆ ಸುತ್ತಳತೆ ಸುಮಾರು 4.4 ಮೀಟರ್. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಒಂದು ಮೀಟರ್ ಉದ್ದದ ಕಬ್ಬಿಣ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಹಳಿಯ ಉಷ್ಣತೆ 500 ಡಿಗ್ರಿಯಷ್ಟು ಏರಿದರೆ ಒಟ್ಟು ಹಿಗ್ಗುವಿಕೆ ಸುಮಾರು 26 ಮಿಲಿಮೀಟರ್, ಎಂದರೆ ಒಂದು ಅಂಗುಲಕ್ಕೆ ತುಸು ಹೆಚ್ಚು. ಆ ಒಂದು ಅಂಗುಲದೊಳಗೆ ಕಮ್ಮಾರನ ವಿದ್ಯೆಯೆಲ್ಲ ಅಡಗಿದೆ. ಹಳಿ ಹೆಚ್ಚು ಕಿರಿದಾದರೆ ಕುಗ್ಗುವಾಗ ಅರಗಳನ್ನೇ ಮುರಿಯುತ್ತದೆ. ಹೆಚ್ಚು ಹಿರಿದಾದರೆ ದಾರಿಯಲ್ಲಿ ಕಳಚಿ ಬೀಳುತ್ತದೆ.

ಗಾಲಿಯನ್ನು ಪಕ್ಕದಿಂದ ನೋಡಿದರೆ ಅರಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆಳವಿಲ್ಲದ ತಟ್ಟೆಯಂತೆ ಗಾಲಿಯು ಹೊರಮುಖವಾಗಿ ತುಸು ತೆರೆದುಕೊಂಡಿರುತ್ತದೆ. ಇದು ಕೆತ್ತನೆಯ ಓರೆಕೋರೆಯಲ್ಲ. ಎತ್ತುಗಳು ನಡೆಯುವಾಗ ಗಾಡಿಯು ಎಡಕ್ಕೂ ಬಲಕ್ಕೂ ತೊನೆಯುತ್ತದೆ, ಆ ತೊನೆತದ ಒತ್ತಡವು ಗಾಲಿಯ ಮೇಲೆ ಪಕ್ಕದಿಂದ ಬೀಳುತ್ತದೆ. ಚಪ್ಪಟೆಯಾದ ಗಾಲಿ ಅದಕ್ಕೆ ಬೇಗ ಸೋಲುತ್ತದೆ. ತಟ್ಟೆಯಂತೆ ಬಾಗಿದ್ದು ತಡೆದು ನಿಲ್ಲುತ್ತದೆ. ಒಣಹವೆಯಲ್ಲಿ ಕಟ್ಟಿಗೆ ಕುಗ್ಗಿ ಹಳಿ ಸಡಿಲಾಗುವುದುಂಟು. ಅಂಥ ಗಾಲಿಯನ್ನು ಹಳ್ಳದ ನೀರಿನಲ್ಲಿ ಕೆಲಹೊತ್ತು ನಿಲ್ಲಿಸಿ, ಕಟ್ಟಿಗೆ ನೀರು ಕುಡಿದು ಉಬ್ಬಿದ ಮೇಲೆ ಮುಂದೆ ಸಾಗುವ ಉಪಾಯವನ್ನು ದಾರಿಕಾರರು ಬಲ್ಲರು.

ಹಾಸಿಗೆ, ಬುತ್ತಿ, ಭಾರ

ಗಾಲಿಗಳು ಸಿದ್ಧವಾದ ಬಳಿಕ ಗಾಡಿಯು ಮನೆಯಾಗುವ ಕೆಲಸ. ಬಿದಿರಿನ ಸೀಳುಗಳನ್ನು ನೆನೆಸಿ ಬಾಗಿಸಿ ಕಮಾನು ಕಟ್ಟುವುದು ಗಂಡಸರಿಗೂ ದೊಡ್ಡ ಮಕ್ಕಳಿಗೂ ಸೇರಿದ್ದು. ತಟ್ಟಿಯ ಮೇಲೆ ಈಗ ತಾಡಪತ್ರಿಯ ಹೊದಿಕೆ ಬಂದಿದೆ. ಮಂಜಿಗೂ ಬಿಸಿಲಿಗೂ ಅದು ಒಳ್ಳೆಯದೇ. ಪುಂಡಿಯ ನಾರಿನಿಂದ ಹಗ್ಗ ಹೊಸೆಯಲು ಅಜ್ಜ ಕುಳಿತರೆ ಎದುರು ತುದಿಯನ್ನು ಹಿಡಿದು ತಿರುವಲು ಮೊಮ್ಮಗಳು ಬೇಕು. ಒಬ್ಬರೇ ಹೊಸೆದ ಹಗ್ಗ ಹುರಿಗೊಳ್ಳುವುದಿಲ್ಲ. ಅಜ್ಜಿಯ ಪಾಲಿಗೆ ಕೌದಿಗಳು. ಹಳೆಯ ಸೀರೆ, ಧೋತರ, ಮಕ್ಕಳ ಚಿಕ್ಕದಾದ ಅಂಗಿಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಯು ಗಾಡಿಯ ಕುಲುಕಾಟಕ್ಕೆ ಮೆತ್ತೆಯಾಗುತ್ತದೆ, ಮಾಘದ ರಾತ್ರಿಗೆ ಹೊದಿಕೆಯಾಗುತ್ತದೆ.

ಅಡುಗೆಮನೆಯಲ್ಲಿ ಬೇರೊಂದು ಸಿದ್ಧತೆ. ಎಳ್ಳು ಹಚ್ಚಿ ಒಣಗುವಂತೆ ಸುಟ್ಟ ಸಜ್ಜೆಯ ರೊಟ್ಟಿ, ಜೋಳದ ಕಟಕ ರೊಟ್ಟಿ, ಶೇಂಗಾ ಮತ್ತು ಅಗಸೆಯ ಚಟ್ನಿಪುಡಿ, ಬೆಲ್ಲ ಬೆರೆಸಿದ ಮಾದಲಿ ಇವು ದಿನಗಟ್ಟಲೆ ಕೆಡದ ಬುತ್ತಿ. ಯಾವ ದಿನಕ್ಕೆ ಯಾವ ಗಂಟು, ಯಾವುದು ಮೊದಲು ಬಿಚ್ಚಬೇಕು ಎಂಬ ಲೆಕ್ಕವು ತಾಯಿಯ ತಲೆಯಲ್ಲಿರುತ್ತದೆ. ಪ್ರಯಾಣದ ದಿನಚರಿಯನ್ನು ನಿರ್ಧರಿಸುವುದೇ ಆ ಲೆಕ್ಕ. ಮೊಸರನ್ನ ಮೊದಲ ಮಧ್ಯಾಹ್ನಕ್ಕೆ. ಮೂರನೆಯ ದಿನಕ್ಕೆ ರೊಟ್ಟಿ, ಚಟ್ನಿ, ಉಳ್ಳಾಗಡ್ಡಿ.

ಇವೆಲ್ಲವನ್ನೂ ಗಾಡಿಯಲ್ಲಿ ಎಲ್ಲಿ ಇಡಬೇಕೆಂಬುದೇ ಕೊನೆಯ ಪರೀಕ್ಷೆ. ಎರಡೇ ಗಾಲಿಯ ಚಕ್ಕಡಿಯು ಒಂದು ತಕ್ಕಡಿಯಿದ್ದಂತೆ. ಭಾರವೆಲ್ಲ ಮುಂದೆ ಬಿದ್ದರೆ ಅದು ಮೂಕಿಭಾರವಾಗಿ ಎತ್ತುಗಳ ಹೆಗಲನ್ನು ಅದುಮುತ್ತದೆ. ಹಿಂದೆ ಬಿದ್ದರೆ ನೊಗ ಮೇಲೆದ್ದು ಎತ್ತುಗಳ ಕೊರಳನ್ನು ಹಿಡಿದೆಳೆಯುತ್ತದೆ. ಹೊಟ್ಟಿನ ಚೀಲ, ನೀರಿನ ಕೊಡ, ಪಾತ್ರೆಗಳು ಇರಸಿನ ನೇರಕ್ಕೆ ಬರಬೇಕು. ಮಕ್ಕಳು ಎಲ್ಲಿ, ಅಜ್ಜಿ ಎಲ್ಲಿ ಎಂಬುದೂ ಅದರಂತೆಯೇ. ನಿಂತ ಗಾಡಿಯ ನೊಗವನ್ನು ಒಬ್ಬನೇ ಹೆಚ್ಚು ತ್ರಾಸವಿಲ್ಲದೆ ಎತ್ತಿ ಹಿಡಿಯಬಲ್ಲನಾದರೆ ಭಾರ ಸಮನಾಗಿದೆ ಎಂದರ್ಥ. ಇದನ್ನು ತಿಳಿದ ಹುಡುಗ ಇಳಿಜಾರಿನಲ್ಲಿ ತಾನಾಗಿಯೇ ಹಿಂದಕ್ಕೆ ಸರಿಯುತ್ತಾನೆ, ಏರಿನಲ್ಲಿ ಇಳಿದು ನಡೆಯುತ್ತಾನೆ. ಹೇಳಿಸಿಕೊಳ್ಳಬೇಕಾಗುವುದಿಲ್ಲ.

ಎತ್ತುಗಳ ಪಾಲು

ಗಾಡಿಯನ್ನು ಎಷ್ಟು ಚೆನ್ನಾಗಿ ಸಜ್ಜುಗೊಳಿಸಿದರೂ ಪ್ರಯಾಣದ ಮಿತಿಯನ್ನು ಹೇಳುವುದು ಎತ್ತುಗಳೇ. ಈ ಸೀಮೆಯ ಹೆಮ್ಮೆ ಖಿಲ್ಲಾರಿ ತಳಿ: ಬಿಳಿಯ ಮೈ, ಹಿಂದಕ್ಕೆ ಬಾಗಿ ಮೇಲೇರಿದ ಉದ್ದ ಕೊಂಬು, ಚುರುಕಾದ ನಡಿಗೆ. ಬರದ ನಾಡಿನ ಕಡಿಮೆ ಮೇವಿನಲ್ಲಿ ಬಾಳಿ ದುಡಿಯುವುದು ಅದರ ಗುಣ. ಹೊರಡುವ ಕೆಲವು ದಿನಗಳ ಮೊದಲೇ ಅವುಗಳಿಗೆ ಲಾಳ ಕಟ್ಟಿಸಬೇಕು. ಎತ್ತಿನ ಗೊರಸು ಎರಡಾಗಿ ಸೀಳಿರುವುದರಿಂದ ಕುದುರೆಗೆ ಸಾಲುವಂತೆ ಕಾಲಿಗೊಂದು ಲಾಳ ಸಾಲದು. ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು, ಜೋಡಿಗೆ ಹದಿನಾರು. ಡಾಂಬರು ರಸ್ತೆಯಲ್ಲಿ ಲಾಳವಿಲ್ಲದೆ ನಡೆಸಿದರೆ ಗೊರಸು ಸವೆದು ಎತ್ತು ಕುಂಟುತ್ತದೆ.

ಕಾನೂನು ಸಹ ಇಲ್ಲಿ ಹಿರಿಯರ ರೂಢಿಯನ್ನೇ ಹೇಳುತ್ತದೆ. ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗ್ಗೆ ಕೇಂದ್ರ ಸರಕಾರವು 1965ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಎತ್ತುಗಳನ್ನು ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಒಂದೇ ಸಮನೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಹೂಡುವಂತಿಲ್ಲ. ಬೆಳಗಿನ ಜಾವ ಹೂಡಿ, ಬಿಸಿಲೇರುವ ಹೊತ್ತಿಗೆ ಬೇವಿನದೋ ಹುಣಸೆಯದೋ ನೆರಳಿನಲ್ಲಿ ಕೊರಳು ಬಿಚ್ಚಿ, ಇಳಿಹೊತ್ತಿಗೆ ಮತ್ತೆ ಹೊರಡುವ ಹಳೆಯ ಪದ್ಧತಿಯಲ್ಲಿ ಈ ನಿಯಮವೆಲ್ಲ ತಾನಾಗಿಯೇ ಪಾಲನೆಯಾಗುತ್ತದೆ.

ಕಪ್ಪುನೆಲದಿಂದ ಕಬ್ಬಿನ ನಾಡಿಗೆ

ಜತ್ತದಿಂದ ದಕ್ಷಿಣಕ್ಕೆ ಹೊರಟ ದಾರಿ ಮೊದಲಿಗೆ ಕಲ್ಲುಮಟ್ಟಿಗಳ ನಡುವೆ, ಜೋಳದ ಹೊಲಗಳ ನಡುವೆ ಸಾಗುತ್ತದೆ. ನೀರಾವರಿ ಸಿಕ್ಕ ಕಡೆ ದ್ರಾಕ್ಷಿಯ ಚಪ್ಪರ, ದಾಳಿಂಬೆಯ ತೋಟ. ಉಳಿದ ಕಡೆ ಕುರಿ ಮೇಯುವ ಬಯಲು. ರಾಜ್ಯದ ಗಡಿಯನ್ನು ಎತ್ತುಗಳು ಗಮನಿಸುವುದಿಲ್ಲ. ಮಕ್ಕಳಿಗೆ ಅದು ಅಂಗಡಿಯ ಫಲಕಗಳ ಅಕ್ಷರ ಬದಲಾದಾಗ ಗೊತ್ತಾಗುತ್ತದೆ. ತಮ್ಮ ಪಠ್ಯಪುಸ್ತಕದ ಲಿಪಿಯು ಔಷಧದ ಅಂಗಡಿಯ ಮೇಲೆ, ಬಸ್ಸಿನ ಹಣೆಯ ಮೇಲೆ, ಮೈಲಿಗಲ್ಲಿನ ಮೇಲೆ ಕಾಣತೊಡಗಿದಾಗ ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು ಒಂದೊಂದನ್ನೂ ಗಟ್ಟಿಯಾಗಿ ಓದುತ್ತ ಸಾಗುತ್ತಾರೆ.

ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠದಿಂದಲೂ ಚರ್ಮದ ಪಾದರಕ್ಷೆಗಳಿಂದಲೂ ಹೆಸರಾದ ಅಥಣಿಯನ್ನು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತ ಬರುತ್ತದೆ. ಕೃಷ್ಣೆ ಹತ್ತಿರವಾದಂತೆ ಎರಡೂ ಬದಿ ಕಬ್ಬು. ಉಗಾರದ ಕಡೆಯಿಂದ ಕುಡಚಿಗೆ ಹೊಳೆ ದಾಟುವಾಗ, ಬರದ ಹಳ್ಳಿಯಿಂದ ಬಂದ ಮಕ್ಕಳು ಅಷ್ಟು ನೀರನ್ನು ಒಂದೇ ಕಡೆ ಕಂಡು ಬೆರಗಾಗುತ್ತಾರೆ. ಮಿರಜದಿಂದ ಲೋಂಡಾಕ್ಕೆ ಹೋಗುವ ರೈಲುಹಳಿಯೂ ಇಲ್ಲಿ ಜೊತೆಯಾಗುತ್ತದೆ. ಕುಡಚಿಯ ಮುಂದಿನ ನಿಲ್ದಾಣವೇ ಚಿಂಚಲಿ. ರೈಲಿನಲ್ಲಿ ಕೆಲವು ತಾಸುಗಳ ಮಾತಾದ ಪ್ರಯಾಣವನ್ನು ಚಕ್ಕಡಿಯು ದಿನಗಳಲ್ಲಿ ಅಳೆಯುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಈ ರಸ್ತೆಗಳು ಅಪಾಯದವೂ ಹೌದು. ಹೇರು ತುಂಬಿದ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಓಡುತ್ತವೆ. ಗಾಡಿಯ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುವುದು, ಇರಸಿನ ಕೆಳಗೆ ಕಂದೀಲು ತೂಗುಹಾಕುವುದು, ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ನಡೆಸದಿರುವುದು ಇಂದಿನ ದುರಸ್ತಿಯ ಪಟ್ಟಿಯಲ್ಲಿ ಕಡಾಣಿಯಷ್ಟೇ ಮುಖ್ಯ.

ಚಿಂಚಲಿಯ ಬಯಲಿನಲ್ಲಿ ಗಾಡಿಗಳೇ ಓಣಿಗಳಾಗಿ ನಿಲ್ಲುತ್ತವೆ. ಎತ್ತುಗಳನ್ನು ಬಿಚ್ಚಿ ಗಾಲಿಗೆ ಕಟ್ಟಿ, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರೆ ಮನೆ ಎದ್ದಂತೆಯೇ. ಹೆಂಗಸರು ಮಕ್ಕಳು ಕಮಾನಿನ ಒಳಗೆ, ಗಂಡಸರು ಗಾಡಿಯ ಕೆಳಗೆ ಮಲಗುತ್ತಾರೆ. ಚಾಂಗಭಲೋ ಎಂಬ ಕೂಗಿನ ನಡುವೆ ಭಂಡಾರ ಹಾರಿ ಮನುಷ್ಯರೂ ಎತ್ತುಗಳೂ ತಾಡಪತ್ರಿಯೂ ಹಳದಿಯಾಗುತ್ತವೆ. ಪಕ್ಕದ ಗಾಡಿಯವರ ಕಮಾನು ಹೇಗಿದೆ, ಅವರ ಇರಸು ಕಟ್ಟಿಗೆಯದೋ ಕಬ್ಬಿಣದ್ದೋ, ಹಳಿ ಯಾವ ಊರಿನಲ್ಲಿ ಹಾಕಿಸಿದ್ದು ಎಂಬ ಮಾತುಗಳಲ್ಲಿ ಸಂಜೆ ಕಳೆಯುತ್ತದೆ. ಕನ್ನಡ ಮರಾಠಿಗಳೆರಡೂ ಅಲ್ಲಿ ಸಲ್ಲುತ್ತವೆ.

ಮಾರುವುದೋ, ಉಳಿಸುವುದೋ

ಇಷ್ಟೆಲ್ಲ ಶ್ರಮ ಏಕೆಂಬ ಪ್ರಶ್ನೆಯನ್ನು ಮನೆಯ ಯಾರಾದರೊಬ್ಬರು ಪ್ರತಿವರ್ಷ ಎತ್ತುತ್ತಾರೆ, ಮತ್ತು ಅದು ಹುಡುಗಾಟದ ಪ್ರಶ್ನೆಯಲ್ಲ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೋದರೆ ಅದೇ ದಿನ ಜಾತ್ರೆ ತಲುಪಬಹುದು. ಎತ್ತುಗಳ ಜೋಡಿಯನ್ನು ಕೆಲವು ದಿನಗಳ ಪ್ರಯಾಣಕ್ಕಾಗಿ ವರ್ಷವಿಡೀ ಸಾಕಬೇಕು. 1972ರ ಬರವನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. 2012-13ರ ಬರದಲ್ಲಿ ಈ ಭಾಗದ ದನಗಳು ಮೇವಿನ ಛಾವಣಿಗಳಲ್ಲಿ ಬದುಕಿದ್ದು ಈಗಿನ ಮಕ್ಕಳ ತಂದೆತಾಯಂದಿರ ನೆನಪು. ಅಂಥ ವರ್ಷ ಎತ್ತು ಮಾರಿದ ಮನೆಯನ್ನು ಯಾರೂ ದೂರಲಾರರು. ಎತ್ತು ಹೋದ ಮೇಲೆ ಗಾಡಿಯೂ ಹೆಚ್ಚು ದಿನ ಉಳಿಯುವುದಿಲ್ಲ. ಹೆದ್ದಾರಿಯ ಊಟದ ಮನೆಗಳಿಗೂ ವಿಹಾರಧಾಮಗಳಿಗೂ ಹಳೆಯ ಗಾಲಿಗಳು ಅಲಂಕಾರಕ್ಕೆ ಬೇಕು. ಬಣ್ಣ ಬಳಿದು ಗೋಡೆಗೆ ಒರಗಿಸಿದ ಗಾಲಿಗೆ ಅರ ಸಡಿಲವಿದ್ದರೂ ನಡೆಯುತ್ತದೆ. ಒಮ್ಮೆ ಕೈಬಿಟ್ಟರೆ ಮತ್ತೆ ಮಾಡಿಸುವುದು ಸುಲಭವಲ್ಲ. ಹೊಸ ಗಾಲಿ ಕೆತ್ತುವವರೂ ಹಳಿ ತೊಡಿಸುವವರೂ ಹಳ್ಳಿಹಳ್ಳಿಗೆ ಸಿಗುತ್ತಿದ್ದ ಕಾಲ ಮುಗಿದಿದೆ.

ಉಳಿಸಿಕೊಂಡ ಮನೆಗಳು ಲಾಭವನ್ನು ಎಣಿಸಿ ಉಳಿಸಿಕೊಂಡಿಲ್ಲ. ಹಲವೆಡೆ ಈ ಮನೆಯದೊಂದು ಎತ್ತು, ಆ ಮನೆಯದೊಂದು ಎತ್ತು ಸೇರಿ ಜೋಡಿಯಾಗುತ್ತದೆ. ಬಿತ್ತನೆಯ ಮುಯ್ಯಿಯನ್ನು ಜಾತ್ರೆಯಲ್ಲಿ ತೀರಿಸುತ್ತಾರೆ. ಆದರೂ ಅಂಗಳದಲ್ಲಿ ನಡೆಯುವ ಆ ಕೆಲವು ವಾರಗಳ ಕೆಲಸದಲ್ಲಿ ಮನೆಗೆ ಬೇರೊಂದು ಗಳಿಕೆಯಿದೆ. ಅಲ್ಲಿ ಎಲ್ಲರಿಗೂ ಒಂದು ಕೆಲಸವಿದೆ, ಮತ್ತು ಯಾರ ಕೆಲಸವೂ ತೋರಿಕೆಯದಲ್ಲ. ಮೊಮ್ಮಗಳು ತಿರುವಿದ ಹಗ್ಗ ಸಡಿಲವಿದ್ದರೆ ನಡುದಾರಿಯಲ್ಲಿ ಕಮಾನು ವಾಲುತ್ತದೆ. ಆದ್ದರಿಂದ ಅಜ್ಜ ಅದನ್ನು ಬಿಚ್ಚಿಸಿ ಮತ್ತೆ ಹೊಸೆಯಿಸುತ್ತಾನೆ. ಪರೀಕ್ಷೆಯ ಅಂಕಗಳನ್ನಷ್ಟೇ ಕೇಳುತ್ತಿದ್ದ ತಂದೆ ಮಗನ ಕೈಗೆ ಬಾಚಿ ಕೊಟ್ಟು ಗೂಟ ಕೆತ್ತಲು ಬಿಡುತ್ತಾನೆ, ಕೆಟ್ಟರೆ ಇನ್ನೊಂದು ಕಟ್ಟಿಗೆ ಕೊಡುತ್ತಾನೆ. ಹಿರಿಯರ ಕೈಯಲ್ಲಿರುವ ಅಳತೆಗಳು ಬರವಣಿಗೆಯಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ ಮಕ್ಕಳು ಹಳೆಯ ನೋಟುಬುಕ್ಕಿನಲ್ಲಿ ಚಕ್ಕಡಿಯ ಚಿತ್ರ ಬರೆದು, ಒಂದೊಂದು ಭಾಗದ ಹೆಸರು, ಉದ್ದ, ಯಾವ ಮರದ್ದು, ಯಾವ ವರ್ಷ ಬದಲಿಸಿದ್ದು ಎಂದು ಗುರುತು ಹಾಕಿಟ್ಟರೆ ಮುಂದಿನ ದುರಸ್ತಿಗೆ ಅದು ದಾರಿಯಾದೀತು. ಕನ್ನಡ ಶಾಲೆಯಲ್ಲಿ ಕಲಿತ ಅಕ್ಷರಕ್ಕೆ ಮನೆಯಲ್ಲಿಯೇ ಸಿಗುವ ಇಂಥ ಕೆಲಸಗಳು ಹೆಚ್ಚಿಲ್ಲ.

ಜಾತ್ರೆಯಿಂದ ಮರಳಿದ ಮೇಲೆ ಕಮಾನು ಬಿಚ್ಚಿ ಜಂತಿಗೆ ಏರಿಸುತ್ತಾರೆ. ಗುಂಬಕ್ಕೆ ಕೀಲೆಣ್ಣೆ ಹಾಕಿ, ಗಾಲಿಗಳು ನೆಲದ ಹಸಿಯನ್ನು ಹೀರದಂತೆ ಚಪ್ಪಟೆ ಕಲ್ಲುಗಳ ಮೇಲೆ ನಿಲ್ಲಿಸಿ, ಬಿಸಿಲು ತಾಗದ ಮೂಲೆಗೆ ಚಕ್ಕಡಿಯನ್ನು ತಳ್ಳುತ್ತಾರೆ. ಅಷ್ಟರಲ್ಲಿ ಜೋಳ ಕೊಯ್ಲಿಗೆ ಬಂದಿರುತ್ತದೆ. ನೆರೆಮನೆಯಿಂದ ತಂದ ಎತ್ತನ್ನು ಮೈ ತೊಳೆದು, ಹಣೆಗೆ ಭಂಡಾರ ಹಚ್ಚಿ, ಪ್ರಸಾದದ ಗಂಟಿನೊಂದಿಗೆ ಹಿಂದಕ್ಕೆ ಹೊಡೆದುಕೊಂಡು ಹೋಗುವ ಕೆಲಸ ಮಕ್ಕಳದು.